ಪೆಟೂನಿಯಾ ಯಾಕೆ ಸೊರಗಿತು? ನಮ್ಮೂರ ಕಾಲ, ನಮ್ಮೂರ ನೀರು

ಪ್ರಶ್ನೆ: ನಮ್ಮ ಮನೆ ಯಲಹಂಕದ ಹತ್ತಿರ. ಗಿಡಕ್ಕೆ ಬೋರ್‌ವೆಲ್ ನೀರೇ ಗತಿ. ಜನವರಿಯಲ್ಲಿ ನರ್ಸರಿಯಿಂದ ಒಂದು ಡಜನ್ ಪೆಟೂನಿಯಾ ಗಿಡ ತಂದೆ. ಅರ್ಧ ಬಾಲ್ಕನಿಯ ಕುಂಡಗಳಲ್ಲಿ, ಅರ್ಧ ಮನೆ ಮುಂದಿನ ಪಾತಿಯಲ್ಲಿ ಇಟ್ಟೆ. ಮೂರು ವಾರ ಕಣ್ತುಂಬ ಹೂ ಬಿಟ್ಟವು. ಈಗ ಫೆಬ್ರವರಿ ಮಧ್ಯ. ಕಡ್ಡಿಗಳು ಉದ್ದುದ್ದ ಬೆಳೆದು ಬುಡ ಬೋಳಾಗಿದೆ, ತುದಿಯ ಎಲೆ ಹಳದಿ, ಕೆಲವು ಮೊಗ್ಗಿನಲ್ಲಿ ತೂತು. ನೇರಳೆ ಹೂವಿನಲ್ಲಿ ಬಿಳಿ ಪಟ್ಟೆ ಇದ್ದ ಒಂದು ಗಿಡದಲ್ಲಿ ಪಟ್ಟೆಯ ಅಗಲವೇ ಬದಲಾಗಿದೆ. ಬೇರೆ ಗಿಡ ಕೊಟ್ಟು ಮೋಸ ಮಾಡಿದರಾ? ಹೋದ ವರ್ಷ ಪ್ಯಾಕೆಟ್ ಮೇಲೆ ಬರೆದಂತೆ ವಸಂತದಲ್ಲಿ, ಅಂದರೆ ಏಪ್ರಿಲಿನಲ್ಲಿ, ಬೀಜ ಹಾಕಿದ್ದೆ. ಒಂದೂ ಉಳಿಯಲಿಲ್ಲ. ಈ ಗಿಡ ನಮ್ಮೂರಿಗೆ ಆಗಿಬರುವುದಿಲ್ಲವೇ? ಈಗಿರುವುದನ್ನು ಉಳಿಸಬಹುದಾ?

ಉತ್ತರ: ಆಗಿಬರುತ್ತದೆ. ಬೆಂಗಳೂರಿನ ಚಳಿಗಾಲ ಪೆಟೂನಿಯಾಕ್ಕೆ ಹೇಳಿ ಮಾಡಿಸಿದಂತಿದೆ. ನಿಮ್ಮ ಗಿಡಗಳಿಗೂ ಇನ್ನೂ ಒಂದೂವರೆ ತಿಂಗಳು ಹೂ ಬಿಡುವ ಶಕ್ತಿ ಇದೆ. ಆದರೆ ನೀವು ಹೇಳಿರುವುದು ಒಂದು ತೊಂದರೆ ಅಲ್ಲ, ಬೇರೆ ಬೇರೆ ನಾಲ್ಕು. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಅದಕ್ಕೇ ಒಂದೊಂದಾಗಿ ನೋಡೋಣ.

ಮೊದಲು ಎಲೆಯ ಹಳದಿ, ಯಾಕೆಂದರೆ ಬೆಂಗಳೂರಿನ ಬಾಲ್ಕನಿಗಳಲ್ಲಿ ಪೆಟೂನಿಯಾ ಸೊರಗುವುದಕ್ಕೆ ಇದೇ ದೊಡ್ಡ ಕಾರಣ. ಹೆಚ್ಚಿನವರು ಇದನ್ನು ಗೊಬ್ಬರದ ಕೊರತೆ ಅಂದುಕೊಂಡು ಗೊಬ್ಬರ ಸುರಿಯುತ್ತಾರೆ. ಗಿಡದ ಹತ್ತಿರ ಹೋಗಿ ನೋಡಿ. ಬುಡದ ಹಳೆಯ ಎಲೆಗಳು ಇಡಿಯಾಗಿ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ, ಗೊಬ್ಬರ ಬೇಕು. ತುದಿಯ ಹೊಸ ಎಲೆಗಳು ಹಳದಿಯಾಗಿ, ಅವುಗಳ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನೀವು ತುದಿಯ ಎಲೆ ಅಂದಿದ್ದೀರಿ, ನೀರು ಬೋರ್‌ವೆಲ್ ಅಂದಿದ್ದೀರಿ. ನನಗೆ ಅನುಮಾನವೇ ಇಲ್ಲ, ಇದು ಕಬ್ಬಿಣದ್ದು.

ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಅದರಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಇರುವುದು ಬೇರೆ, ಬೇರಿಗೆ ಸಿಗುವುದು ಬೇರೆ. ಪೆಟೂನಿಯಾದ ಬೇರು ಕಬ್ಬಿಣವನ್ನು ಚೆನ್ನಾಗಿ ಎಳೆದುಕೊಳ್ಳಬೇಕಾದರೆ ಮಣ್ಣು ಸ್ವಲ್ಪ ಹುಳಿಯ ಕಡೆಗಿರಬೇಕು, ಅಂದರೆ ಹುಳಿ-ಕ್ಷಾರ ಅಳೆಯುವ ಪಿಎಚ್ ಸುಮಾರು 5.5ರಿಂದ 6.2. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಗೀಸರ್ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿಸುವ ನೀರು ಇದೇ. ದಿನಾ ಒಂದು ಮಗ್ಗು ಹಾಕಿದಂತೆಲ್ಲ ಕುಂಡದ ಮಣ್ಣಿನ ಪಿಎಚ್ ಮೆಲ್ಲಗೆ ಏರುತ್ತದೆ. ಏರಿದ ಮೇಲೆ ಕಬ್ಬಿಣ ಅಲ್ಲೇ ಇದ್ದರೂ ಕರಗದ ರೂಪಕ್ಕೆ ತಿರುಗಿ ಕೂರುತ್ತದೆ. ಕೆಲವು ಗಿಡಗಳು ಇದನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತವೆ. ಪೆಟೂನಿಯಾ ತಡೆಯುವುದಿಲ್ಲ. ಪಾತಿಯಲ್ಲಿ ನೆಟ್ಟವು ಬಾಲ್ಕನಿಯವುಗಳಿಗಿಂತ ಹಸಿರಾಗಿದ್ದರೆ ಆಶ್ಚರ್ಯಪಡಬೇಡಿ. ನೆಲದಲ್ಲಿ ಮಣ್ಣು ಜಾಸ್ತಿ, ಪಿಎಚ್ ಅಷ್ಟು ಬೇಗ ಏರುವುದಿಲ್ಲ.

ಈ ವಾರವೇ ಚೀಲೇಟೆಡ್ ಕಬ್ಬಿಣ, ಅಂದರೆ ಗಿಡಕ್ಕೆ ಸಿಗುವಂತೆ ಕರಗುವ ರೂಪದಲ್ಲೇ ಹಿಡಿದಿಟ್ಟ ಕಬ್ಬಿಣ, ತನ್ನಿ. ರೈತರಿಗೆ ಗೊಬ್ಬರ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಇಡಿಟಿಎ ರೂಪದ್ದಾದರೆ ಲೀಟರ್ ನೀರಿಗೆ ಅರ್ಧ ಗ್ರಾಂ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬುಡಕ್ಕೇ ಹಾಕಬೇಕೆಂದರೆ ಇಡಿಡಿಎಚ್‌ಎ ರೂಪದ್ದು ಕೇಳಿ, ಪಿಎಚ್ ಏರಿದ ಮಣ್ಣಿನಲ್ಲೂ ಕೆಲಸ ಮಾಡುವುದು ಅದು. ಕೆಲವರು ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ ಅನ್ನುತ್ತಾರೆ. ಗಡಸು ನೀರಿನ ಕುಂಡದಲ್ಲಿ ಅದು ಬೇಗ ತುಕ್ಕಾಗಿ ಹೋಗುತ್ತದೆ, ಎಲೆಗೆ ಬಿದ್ದರೆ ಕಲೆಯಾಗುತ್ತದೆ. ನಾನು ಪೆಟೂನಿಯಾಕ್ಕೆ ಹೇಳುವುದಿಲ್ಲ. ಈಗಾಗಲೇ ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುತ್ತದೆಯೇ ಅಂತ ಕಾಯಬೇಡಿ, ಹೊಸದಾಗಿ ಬರುವ ಚಿಗುರನ್ನು ನೋಡಿ.

ಇದು ತಾತ್ಕಾಲಿಕ ಮದ್ದು. ನೀರು ಸರಿಹೋಗದಿದ್ದರೆ ಹಳದಿ ಮತ್ತೆ ಬರುತ್ತದೆ. ಮಳೆನೀರಿನ ತೊಟ್ಟಿ ಇದ್ದರೆ ಆ ನೀರನ್ನು ಪೆಟೂನಿಯಾಕ್ಕೆಂದೇ ತೆಗೆದಿಡಿ. ಕಾವೇರಿ ನೀರು ಬರುವ ಮನೆಯವರಿಗೆ ಈ ಕಷ್ಟ ಕಡಿಮೆ. ನಿಮ್ಮಂತೆ ಬೋರ್‌ವೆಲ್ ಒಂದೇ ಆದರೆ, ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಹತ್ತು ಲೀಟರ್ ನೀರಿಗೆ ಅರ್ಧ ಟೀ ಚಮಚ ಕರಗಿಸಿ, ಪಿಎಚ್ ಪಟ್ಟಿಯಲ್ಲಿ ನೋಡಿ. 6ರ ಆಸುಪಾಸಿಗೆ ಬಂದರೆ ಸಾಕು, ಬರದಿದ್ದರೆ ಚಿಟಿಕೆ ಚಿಟಿಕೆಯಾಗಿ ಸೇರಿಸಿ. 5.5ಕ್ಕಿಂತ ಕೆಳಗೆ ಇಳಿಸಬೇಡಿ. ಇನ್ನೊಂದು ಮಾತು. ಆರ್‌ಒ ಮಷೀನಿನಿಂದ ಹೊರಗೆ ಹೋಗುವ ನೀರನ್ನು ಚೆಲ್ಲಲು ಮನಸ್ಸಾಗದೆ ಗಿಡಕ್ಕೆ ಹಾಕುವ ಮನೆಗಳು ಬಹಳ. ನೀರು ಉಳಿಸಬೇಕೆನ್ನುವುದು ಒಳ್ಳೆಯದೇ. ಆದರೆ ಆ ನೀರಿನಲ್ಲಿ ಬೋರ್‌ವೆಲ್ಲಿನ ಉಪ್ಪೆಲ್ಲ ಇನ್ನೂ ಗಟ್ಟಿಯಾಗಿ ಸೇರಿರುತ್ತದೆ. ಅದನ್ನು ನೆಲ ಒರೆಸಲು, ಪಾಯಿಖಾನೆಗೆ ಬಳಸಿ, ಕುಂಡಕ್ಕೆ ಬೇಡ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್‌ನ ನೀರೂ ಬೇಡ. ಅದರಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ, ಬೇರಿಗೆ ಇನ್ನೂ ಕಷ್ಟ.

ಈಗ ಬೋಳಾದ ಬುಡ. ಪೆಟೂನಿಯಾ ಕಡ್ಡಿಯ ತುದಿಯಲ್ಲೇ ಹೂ ಬಿಡುತ್ತಾ ಮುಂದೆ ಹೋಗುತ್ತದೆ. ಹೂವಾದ ಜಾಗದಲ್ಲಿ ಕಾಯಿ ಕಟ್ಟಿತೆಂದರೆ ಗಿಡದ ಶಕ್ತಿಯೆಲ್ಲ ಬೀಜದ ಕಡೆಗೆ ತಿರುಗುತ್ತದೆ. ಬೀಜವಾದರೆ ಅದರ ಕೆಲಸ ಮುಗಿಯಿತು. ಅದಕ್ಕೇ ಒಣಗಿದ ಹೂ ಕಿತ್ತು ಹಾಕಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಬಾಡಿದ ಹೂವನ್ನು ಹಿಡಿದು ಎಳೆದರೆ ದಳ ಮಾತ್ರ ಕೈಗೆ ಬರುತ್ತದೆ, ಅದರ ಹಿಂದಿನ ಹಸಿರು ಬಟ್ಟಲು ಮತ್ತು ಒಳಗಿನ ಕಾಯಿ ಗಿಡದಲ್ಲೇ ಉಳಿಯುತ್ತದೆ. ನೋಡಲು ಚೊಕ್ಕಟವಾಗಿ ಕಂಡರೂ ಪ್ರಯೋಜನವಿಲ್ಲ. ಹೂವಿನ ತೊಟ್ಟಿಗೇ ಉಗುರು ಹಾಕಿ ಚಿವುಟಿ. ಕೈಗೆ ಅಂಟು ಅಂಟಾಗುತ್ತದೆ, ಅದು ರೋಗವಲ್ಲ. ಎಲೆ ಕಡ್ಡಿಯ ಮೇಲಿನ ಸಣ್ಣ ರೋಮಗಳೇ ಅಂಟು ಬಿಡುತ್ತವೆ.

ನಿಮ್ಮ ಗಿಡಗಳು ಚಿವುಟುವ ಹಂತ ದಾಟಿವೆ, ಕತ್ತರಿಸಲೇಬೇಕು. ಹೂ ಬಿಟ್ಟಿರುವ ಕಡ್ಡಿ ಕತ್ತರಿಸಲು ಎಲ್ಲರಿಗೂ ಸಂಕಟ, ನನಗೆ ಗೊತ್ತು. ಹಾಗಾಗಿ ಎಲ್ಲವನ್ನೂ ಒಂದೇ ದಿನ ಬೋಳಿಸಬೇಡಿ. ಒಂದು ಗಿಡದಲ್ಲಿ ಒಂಬತ್ತು ಕಡ್ಡಿ ಇದ್ದರೆ ಅತಿ ಉದ್ದದ ಮೂರನ್ನು ಈ ವಾರ ಅರ್ಧಕ್ಕೆ ಇಳಿಸಿ. ಕಡ್ಡಿಯಲ್ಲಿ ಕೆಲವಾದರೂ ಹಸಿರೆಲೆ ಉಳಿಯುವಂತೆ, ಎಲೆ ಇರುವ ಗಂಟಿನ ಸ್ವಲ್ಪ ಮೇಲೆ ಕತ್ತರಿಸಿ. ಮುಂದಿನ ವಾರ ಇನ್ನು ಮೂರು, ಆಮೇಲಿನ ವಾರ ಉಳಿದವು. ಮೊದಲು ಕತ್ತರಿಸಿದ್ದು ಚಿಗುರಿ ಮೊಗ್ಗು ಕಟ್ಟುವ ಹೊತ್ತಿಗೆ ಕೊನೆಯದನ್ನು ಕತ್ತರಿಸಿರುತ್ತೀರಿ, ಗಿಡ ಯಾವತ್ತೂ ಪೂರ್ತಿ ಖಾಲಿ ಕಾಣುವುದಿಲ್ಲ. ಎಲೆಯೇ ಇಲ್ಲದ ಒಣಕಲು ಕಡ್ಡಿಯನ್ನು ಗಿಡ್ಡ ಮಾಡಿದರೆ ಅದು ಚಿಗುರುವುದು ಅನುಮಾನ, ಬುಡದಲ್ಲಿ ಹಸಿರು ಮೊಳಕೆ ಕಂಡರೆ ಮಾತ್ರ ಅಲ್ಲಿಗೆ ಇಳಿಸಿ.

ಕತ್ತರಿಸಿದ ಮೇಲೆ ಹೊಟ್ಟೆಗೆ ಹಾಕಿ. ಪೆಟೂನಿಯಾ ಹೊಟ್ಟೆಬಾಕ ಗಿಡ, ಕುಂಡದಲ್ಲಂತೂ ಇನ್ನೂ ಜಾಸ್ತಿ. ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ, ಮಣ್ಣು ಒದ್ದೆ ಇರುವಾಗ. ಮೊಗ್ಗು ಕಂಡ ಮೇಲೆ ಒಂದು ವಾರ ಬಿಟ್ಟು ಒಂದು ವಾರ ಅದರ ಬದಲು ಪೊಟ್ಯಾಶ್ ಹೆಚ್ಚಿರುವ 13:0:45 ಕೊಡಬಹುದು. ಸುಮ್ನೆ ಯೂರಿಯಾ ಎರಚಬೇಡಿ, ಸೊಪ್ಪು ಬರುತ್ತದೆ ಹೊರತು ಹೂವಲ್ಲ.

ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಅಂತ ನೀವು ಬರೆದಿಲ್ಲ. ಉದ್ದ ಕಡ್ಡಿಗೆ ಅದೂ ಕಾರಣವಾಗಿರಬಹುದು. ಪೆಟೂನಿಯಾಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಇದು ಹಗಲು ಉದ್ದವಾದಷ್ಟೂ ಬೇಗ ಹೂ ಬಿಡುವ ಗಿಡ. ನಮ್ಮ ಡಿಸೆಂಬರಿನ ಹಗಲು ಹನ್ನೊಂದು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಅದರಲ್ಲೂ ಎದುರು ಕಟ್ಟಡದ ನೆರಳು ಬಿದ್ದರೆ ಗಿಡ ಬೆಳಕು ಹುಡುಕುತ್ತಾ ಉದ್ದವಾಗುತ್ತದೆ, ಹೂ ಹಿಂದೆ ಬೀಳುತ್ತದೆ. ಉತ್ತರದ ಬಾಲ್ಕನಿ ಆದರೆ ಇದನ್ನು ಬಿಟ್ಟುಬಿಡಿ.

ಮೊಗ್ಗಿನ ತೂತು ಹುಳುವಿನ ಕೆಲಸ. ಟೊಮೆಟೊಗೆ ಬರುವ ಕಾಯಿಕೊರಕ ಹುಳುವೇ ಇರಬೇಕು. ಪೆಟೂನಿಯಾ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳ ಮನೆತನದ್ದೇ, ಹಾಗಾಗಿ ಅವುಗಳ ಹುಳ, ಅವುಗಳ ರೋಗ ಇದಕ್ಕೂ ಬರುತ್ತದೆ. ಎಲೆ ಮೇಲೆ ಸಣ್ಣ ಕಪ್ಪು ಹಿಕ್ಕೆ ಕಂಡರೆ ಹುಳ ಅಲ್ಲೇ ಮೇಲೆ ಎಲ್ಲೋ ಇದೆ. ಹಗಲು ಹುಡುಕಿದರೆ ಸಿಗುವುದು ಕಡಿಮೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ, ಆರಿಸಿ ಸೋಪಿನ ನೀರಿಗೆ ಹಾಕಿ. ಒಂದು ಡಜನ್ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತೂತಾದ ಮೊಗ್ಗುಗಳನ್ನೂ ಕಿತ್ತುಹಾಕಿ. ತುಂಬಾ ಇದ್ದರೆ ಬಿ.ಟಿ. ಎಂಬ, ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೈವಿಕ ಪುಡಿಯನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ ಸಂಜೆ ಸಿಂಪಡಿಸಿ. ಅದು ಮರಿಹುಳು ಎಲೆ ತಿಂದಾಗ ಮಾತ್ರ ಕೆಲಸ ಮಾಡುತ್ತದೆ, ಮೊಗ್ಗಿನೊಳಗೆ ಸೇರಿಕೊಂಡ ಹುಳುವಿಗೆ ಮುಟ್ಟುವುದಿಲ್ಲ. ಗಿಡಹೇನು, ಬಿಳಿ ನೊಣಕ್ಕೆ ಬೇವಿನ ಎಣ್ಣೆ ಸಾಕು, ಲೀಟರಿಗೆ 3ರಿಂದ 5 ಮಿಲಿ, ನಾಲ್ಕು ಹನಿ ಸೋಪು.

ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ತೇಪೆ ಮೂಡಿ ಮುದುಡಿದ್ದರೆ ಮಾತ್ರ ಮದ್ದು ಹುಡುಕಬೇಡಿ. ಅದು ಮೊಸಾಯಿಕ್ ವೈರಸ್. ಗಿಡವನ್ನು ಬೇರು ಸಮೇತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಇದರಲ್ಲಿ ತಂಬಾಕಿನ ಮೊಸಾಯಿಕ್ ವೈರಸ್ ಬೀಡಿ, ಸಿಗರೇಟು ಮುಟ್ಟಿದ ಕೈಯಿಂದಲೂ ದಾಟುತ್ತದೆ. ಮನೆಯಲ್ಲಿ ಸೇದುವವರಿದ್ದರೆ, ಅಥವಾ ತೋಟದ ಕೆಲಸಕ್ಕೆ ಬರುವವರಿಗೆ ಆ ಅಭ್ಯಾಸವಿದ್ದರೆ, ಗಿಡ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಲಿ.

ಇನ್ನು ಪಟ್ಟೆ ಬದಲಾದದ್ದು. ನರ್ಸರಿಯವರು ಮೋಸ ಮಾಡಿಲ್ಲ. ನೇರಳೆ ಮತ್ತು ಬಿಳಿ ನಕ್ಷತ್ರದಂಥ ಪಟ್ಟೆ ಇರುವ ತಳಿಗಳಲ್ಲಿ ಬಿಳಿ ಅನ್ನುವುದು ಬೇರೆ ಬಣ್ಣವಲ್ಲ. ಬಣ್ಣ ತಯಾರಿಸುವ ಜೀನನ್ನು ಗಿಡ ಆ ಜಾಗದಲ್ಲಿ ತಾನೇ ಬಾಯಿ ಮುಚ್ಚಿಸಿರುತ್ತದೆ. ಎಷ್ಟು ಜಾಗದಲ್ಲಿ ಮುಚ್ಚಿಸುತ್ತದೆ ಅನ್ನುವುದು ಸೆಖೆ, ಬೆಳಕಿನ ಜೊತೆ ಬದಲಾಗುತ್ತದೆ. ಜನವರಿಯ ಹೂವಿಗೂ ಫೆಬ್ರವರಿಯ ಹೂವಿಗೂ ವ್ಯತ್ಯಾಸ ಬಂದದ್ದು ಹಾಗೆ. ಈ ಹೂವಿನ ಮೇಲೆ ನನಗೆ ಇನ್ನಷ್ಟು ಗೌರವ ಬರುವುದು ಇದೇ ಕಾರಣಕ್ಕೆ. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ನೇರಳೆ ಪೆಟೂನಿಯಾವನ್ನು ಇನ್ನೂ ಗಾಢ ಮಾಡೋಣ ಅಂತ ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದರು. ಗಾಢವಾಗುವ ಬದಲು ಎಷ್ಟೋ ಗಿಡಗಳಲ್ಲಿ ಹೂ ಬಿಳಿಯಾಯಿತು, ಕೆಲವು ಪಟ್ಟೆಪಟ್ಟೆಯಾದವು. ಜೀವಕೋಶ ಜೀನಿನ ಸಂದೇಶವನ್ನೇ ಕತ್ತರಿಸಿ ಹಾಕಬಲ್ಲದು ಅನ್ನುವುದಕ್ಕೆ ಸಿಕ್ಕ ಮೊದಲ ಸುಳಿವುಗಳಲ್ಲಿ ಅದೂ ಒಂದು. ಆ ಕ್ರಿಯೆಯನ್ನು ಹುಳುವಿನಲ್ಲಿ ಬಿಡಿಸಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ನಿಮ್ಮ ಕುಂಡದಲ್ಲಿ ನಡೆಯುತ್ತಿರುವುದೂ ಅದೇ ಬಗೆಯ ಕೆಲಸ.

ಈಗ ಎಲ್ಲಕ್ಕಿಂತ ಮುಖ್ಯವಾದ ಏಪ್ರಿಲ್ ಬಿತ್ತನೆಗೆ ಬರೋಣ. ಪೆಟೂನಿಯಾದ ಕಾಡು ಮೂಲ ದಕ್ಷಿಣ ಅಮೆರಿಕ, ಅಂದರೆ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆ. ಅಲ್ಲಿನ ಬಿಳಿ ಜಾತಿ ಮತ್ತು ನೇರಳೆ ಜಾತಿಯನ್ನು 1830ರ ದಶಕದಲ್ಲಿ ಯುರೋಪಿನ ತೋಟಗಾರರು ಕೂಡಿಸಿದರು, ಇವತ್ತಿನ ಪೆಟೂನಿಯಾ ಬಂದದ್ದು ಅದರಿಂದ. ಯುರೋಪು, ಅಮೆರಿಕದಂಥ ಚಳಿ ದೇಶಗಳಲ್ಲಿ ಹಿಮ ಬಿದ್ದರೆ ಗಿಡ ಸತ್ತೇ ಹೋಗುತ್ತದೆ. ಹಾಗಾಗಿ ಮನೆಯೊಳಗೆ ಫೆಬ್ರವರಿ, ಮಾರ್ಚಿನಲ್ಲಿ ಬೀಜ ಹಾಕಿ, ಹಿಮ ಪೂರ್ತಿ ನಿಂತ ಮೇಲೆ ಮೇ ತಿಂಗಳಲ್ಲಿ ಹೊರಗೆ ನೆಡುತ್ತಾರೆ. ಪ್ಯಾಕೆಟ್ ಮೇಲೆ ಬರೆದಿರುವುದು ಅವರ ಲೆಕ್ಕ. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ನಮ್ಮವರು ಅದನ್ನೇ ಪಾಲಿಸಲಿ. ಯಲಹಂಕದಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿ ಪೆಟೂನಿಯಾವನ್ನು ಕೊಲ್ಲುವುದು ಏಪ್ರಿಲ್ ಬಿಸಿಲು, ಆಮೇಲೆ ಮಳೆ. ಅಲ್ಲಿನವರು ಹಿಮದಿಂದ ಹಿಮಕ್ಕೆ ಲೆಕ್ಕ ಹಾಕಿದಂತೆ ನಾವು ಮಳೆ ನಿಲ್ಲುವುದರಿಂದ ಬೇಸಿಗೆ ಏರುವುದಕ್ಕೆ ಲೆಕ್ಕ ಹಾಕಬೇಕು.

ಬೆಂಗಳೂರು, ಮೈಸೂರು, ತುಮಕೂರು, ಕೋಲಾರದವರು ಸೆಪ್ಟೆಂಬರಿನಲ್ಲಿ ಬೀಜ ಹಾಕಿ. ಸಸಿ ಆರು ವಾರ ಸೂರಿನಡಿ ಇರಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಅಲ್ವಾ ಜೋರು ಮಳೆ, ಬಯಲಲ್ಲಿಟ್ಟರೆ ಒಂದೇ ಸಂಜೆಯಲ್ಲಿ ಕೊಚ್ಚಿಹೋಗುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ನೆಟ್ಟರೆ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಹೂ. ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲಿ ಇನ್ನೂ ಸ್ವಲ್ಪ ದಿನ ಎಳೆಯುತ್ತದೆ. ಕಲಬುರಗಿ, ರಾಯಚೂರು ಕಡೆ ಬಿಸಿಲು ಬೇಗ ಏರುವುದರಿಂದ ಫೆಬ್ರವರಿ ಕೊನೆಗೇ ಆಟ ಮುಗಿಯುತ್ತದೆ, ತಡ ಮಾಡಬಾರದು. ಮಂಗಳೂರು, ಉಡುಪಿ, ಕಾರವಾರದವರಿಗೆ ಮಾತ್ರ ನಾನು ಉತ್ಸಾಹದಿಂದ ಹೇಳಲಾರೆ. ರಾತ್ರಿಯ ಸೆಖೆ, ಗಾಳಿಯ ತೇವ ಇದಕ್ಕೆ ಸೇರುವುದಿಲ್ಲ. ಆಸೆಯಿದ್ದರೆ ಡಿಸೆಂಬರ್, ಜನವರಿಗೆ ಒಂದೆರಡು ಕುಂಡ ಇಟ್ಟು ನೋಡಿ.

ಜನವರಿಯಲ್ಲಿ ಹೂ ತುಂಬಿದ ಗಿಡ ಕೊಂಡಾಗ ಏನಾಗುತ್ತದೆ ಎಂಬುದೂ ಇದರಿಂದ ಅರ್ಥವಾಗುತ್ತದೆ. ಅದು ತನ್ನ ಕಾಲದ ಅರ್ಧ ಕಳೆದು, ಸಣ್ಣ ಕವರಿನಲ್ಲಿ ಬೇರು ಸುತ್ತಿಕೊಂಡು ನಿಮ್ಮ ಮನೆಗೆ ಬಂದಿರುತ್ತದೆ. ಕೊಳ್ಳುವುದಾದರೆ ನವೆಂಬರಿನಲ್ಲೇ ಕೊಳ್ಳಿ. ಹೂ ಜಾಸ್ತಿ ಇರುವುದನ್ನಲ್ಲ, ಗಿಡ್ಡಕ್ಕಿದ್ದು ಬುಡದಿಂದಲೇ ಕವಲೊಡೆದು, ಒಂದೆರಡು ಹೂ ಬಣ್ಣ ತೋರಿಸಿರುವುದನ್ನು ಆರಿಸಿ.

ಬೀಜದಿಂದಲೇ ಮಾಡಬೇಕೆಂಬ ಆಸೆ ನಿಮಗಿದೆ, ಬಿಡಬೇಡಿ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣ, ಒಂದು ಗ್ರಾಮಿಗೆ ಸುಮಾರು ಹತ್ತು ಸಾವಿರ ಬೀಜ. ಲೇಪನ ಕೊಟ್ಟು ಗುಂಡಗೆ ಮಾಡಿದ ಬೀಜ ಸಿಕ್ಕರೆ ಮೊದಲ ಸಲ ಅದನ್ನೇ ತನ್ನಿ, ಕೈಗೆ ಹಿಡಿತ ಸಿಗುತ್ತದೆ. ತೊಳೆದು ಉಪ್ಪು ಕಳೆದ ಕೋಕೋಪೀಟ್ ಮೂರು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಸೇರಿಸಿ ಟ್ರೇ ತುಂಬಿ, ನೆನೆಸಿ, ಮೇಲೆ ಬೀಜ ಉದುರಿಸಿ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬಾರದು. ಈ ಬೀಜ ಮೊಳೆಯಲು ಬೆಳಕು ಬೇಕು. ನಿಮ್ಮ ಏಪ್ರಿಲ್ ಬೀಜಕ್ಕೆ ಸೆಖೆ ಒಂದು ಶತ್ರುವಾದರೆ, ಮೇಲೆ ಮಣ್ಣು ಎಳೆದಿದ್ದರೆ ಅದು ಇನ್ನೊಂದು. ಟ್ರೇ ಮೇಲೆ ಪಾರದರ್ಶಕ ಮುಚ್ಚಳ ಇಟ್ಟು, ಬೆಳಕು ಚೆನ್ನಾಗಿದ್ದೂ ನೇರ ಬಿಸಿಲು ಬೀಳದ ಜಾಗದಲ್ಲಿಡಿ. 21ರಿಂದ 24 ಡಿಗ್ರಿ ಅದಕ್ಕೆ ಹಿತ. ವಾರ, ಹತ್ತು ದಿನದಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ. ಕಂಡ ಕೂಡಲೇ ಮುಚ್ಚಳ ತೆಗೆಯಿರಿ. ನೀರನ್ನು ಮೇಲಿಂದ ಹಾಕದೆ, ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಿ. ಮುಚ್ಚಳ ಹಾಗೇ ಬಿಟ್ಟು ಮೇಲಿಂದ ನೀರು ಹಾಕಿದರೆ ಸಸಿಯ ಕತ್ತು ಕೊಳೆತು ಬೆಳಗಾಗುವುದರಲ್ಲಿ ಅಡ್ಡಬೀಳುತ್ತವೆ. ಇರುವೆ ಬೀಜ ಹೊತ್ತೊಯ್ಯುವ ಮನೆಯಾದರೆ ಟ್ರೇ ಇಟ್ಟ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ನಿಜವಾದ ಎಲೆ ಎರಡು ಮೂರು ಬಂದಾಗ ಸಸಿಗೊಂದು ಗುಳಿ ಇರುವ ಪ್ರೋ ಟ್ರೇಗೆ ಬಿಡಿಸಿ, ಆರೇಳು ಎಲೆಯಾದಾಗ ತುದಿ ಚಿವುಟಿ. ಈ ಒಂದು ಚಿವುಟಿನಿಂದಲೇ ಗಿಡ ಪೊದೆಯಾಗುವುದು. ಎಂಟು ಇಂಚಿನ ಕುಂಡಕ್ಕೆ ಒಂದು, ಹನ್ನೆರಡು ಇಂಚಿನದಕ್ಕೆ ಮೂರು, ಪಾತಿಯಲ್ಲಿ ಒಂದು ಅಡಿ ಅಂತರ. ಪಾತಿಯನ್ನು ನಾಲ್ಕು ಬೆರಳು ಎತ್ತರಿಸಿ.

ತಳಿ ಆರಿಸುವಾಗ ಅಂಗೈ ಅಗಲದ ದೊಡ್ಡ ಹೂವಿಗೆ ಮರುಳಾಗಬೇಡಿ. ದೊಡ್ಡ ಹೂವಿನ ಗ್ರಾಂಡಿಫ್ಲೋರಾ ಒಂದು ಅಕಾಲ ಮಳೆಗೆ ಒದ್ದೆ ಕಾಗದದಂತಾಗುತ್ತದೆ. ಸಣ್ಣ ಹೂವಿನ ಮಲ್ಟಿಫ್ಲೋರಾ ಮರುದಿನವೇ ಎದ್ದು ನಿಲ್ಲುತ್ತದೆ, ನನ್ನ ಓಟು ಅದಕ್ಕೆ. ತೂಗು ಕುಂಡಕ್ಕಾದರೆ ಹರಡುವ ವೇವ್ ಜಾತಿ. 1995ರಲ್ಲಿ ಅಮೆರಿಕದ ಪ್ರಶಸ್ತಿ ಪಡೆದ ಪರ್ಪಲ್ ವೇವ್ ತಳಿಯನ್ನು ರೂಪಿಸಿದ್ದು ಜಪಾನಿನ ಬಿಯರ್ ಕಂಪನಿ ಕಿರಿನ್. ಸಂಜೆ ಕೂರುವ ಜಾಗವಿದ್ದರೆ ಅಲ್ಲಿ ಬಿಳಿ ಅಥವಾ ಕಡುನೇರಳೆಯದು ಇಡಿ. ಕಾಡಿನ ಬಿಳಿ ಜಾತಿಯಿಂದ ಬಂದ ಗುಣ, ಕತ್ತಲಾದಂತೆ ಪರಿಮಳ ಏರುತ್ತದೆ.

ಈ ವರ್ಷದ ಗಿಡದಿಂದ ಬೀಜ ಎತ್ತಿಟ್ಟುಕೊಳ್ಳುವ ಯೋಚನೆ ಇದ್ದರೆ, ಹೈಬ್ರಿಡ್‌ನಿಂದ ಅದೇ ಹೂ ಬರುವುದಿಲ್ಲ ಎಂಬುದು ಗೊತ್ತಿರಲಿ. ಹೈಬ್ರಿಡ್ ಬೀಜಕ್ಕೆ ಪ್ರತಿ ಸಲವೂ ಎರಡು ತಂದೆತಾಯಿ ಗಿಡಗಳನ್ನು ಕೈಯಿಂದಲೇ ಪರಾಗ ಹಚ್ಚಿ ಕೂಡಿಸಬೇಕು. ಆ ಕೆಲಸಕ್ಕೆ ಬೆಂಗಳೂರು ಹೆಸರುವಾಸಿ. 1965ರಲ್ಲಿ ಮನಮೋಹನ ಅತ್ತಾವರ ಇಲ್ಲಿ ಶುರು ಮಾಡಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಪೆಟೂನಿಯಾ ಬೀಜವನ್ನು ಹೊರದೇಶಕ್ಕೆ ಕಳಿಸುತ್ತಿತ್ತು. ನ್ಯೂಜೆರ್ಸಿಯ ಪಾತಿಯಲ್ಲಿ ಅರಳಿದ ಎಷ್ಟೋ ಹೂವಿನ ಹಿಂದೆ ನಮ್ಮ ಹೆಣ್ಣುಮಕ್ಕಳ ಬೆರಳಿನ ನಾಜೂಕು ಇರಬಹುದು ಅನ್ನುವುದು ನನಗೆ ಹೆಮ್ಮೆಯ ವಿಷಯ.

ಏಪ್ರಿಲ್ ಬಂದಾಗ ಗಿಡ ಒಣಗಲು ಶುರುವಾದರೆ ನೆರಳಿಗೆ ಎಳೆದು ಒದ್ದಾಡಬೇಡಿ. ತುದಿಯ ಕಡ್ಡಿ ನೆಟ್ಟರೆ ಎರಡು ವಾರದಲ್ಲಿ ಬೇರು ಬಿಡುತ್ತದೆ ನಿಜ, ಆದರೆ ಬೇಸಿಗೆ, ಮಳೆ ಎರಡನ್ನೂ ದಾಟಿಸುವಷ್ಟರಲ್ಲಿ ವೈರಸ್ ಸೇರಿಕೊಂಡಿರುವುದೇ ಹೆಚ್ಚು. ಕಿತ್ತು ಹಾಕಿ. ಕುಂಡದ ಮಣ್ಣನ್ನು ಹರಡಿ ಒಣಗಿಸಿ, ಹೊಸ ಗೊಬ್ಬರ ಬೆರೆಸಿ. ಬಾಲ್ಕನಿಗೆ ಟೇಬಲ್ ರೋಸ್, ಪಾತಿಗೆ ನಿತ್ಯಪುಷ್ಪ ಹಾಕಿ, ಎರಡೂ ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ. ಟೊಮೆಟೊ, ಬದನೆ, ಮೆಣಸಿನ ಗಿಡವನ್ನು ಮಾತ್ರ ಅದೇ ಮಣ್ಣಿಗೆ ಹಾಕಬೇಡಿ. ಆಗಸ್ಟ್ ಕೊನೆಗೆ ಬೀಜ ತರಿಸಿಟ್ಟುಕೊಳ್ಳಿ, ಪ್ಯಾಕೆಟ್ ಮೇಲೆ ಯಾವ ವರ್ಷದ ಬೀಜ ಅಂತ ನೋಡಿಯೇ ಕೊಳ್ಳಿ.